ಮನೆಯಲ್ಲೇ ಎಲೆಕ್ಟ್ರಿಕ್ ಗೋ-ಕಾರ್ಟ್: ಸ್ಪ್ರಾಕೆಟ್ ಲೆಕ್ಕ ಮೊದಲು, ವೆಲ್ಡಿಂಗ್ ಆಮೇಲೆ

ಕಾರ್ಟ್ ಕಟ್ಟಲು ಹೊರಟವರು ಮೊದಲು ಪೈಪು ತರುತ್ತಾರೆ. ಹಿಂದಿನ ಸ್ಪ್ರಾಕೆಟ್‌ಗೆ ಎಷ್ಟು ಹಲ್ಲು ಬೇಕೆಂಬ ಯೋಚನೆ ಬರುವುದು ಚಾಸಿಗೆ ಬಣ್ಣ ಬಳಿದ ಮೇಲೆ. ಆಗ ಕೈಗೆ ಸಿಕ್ಕಿದ್ದನ್ನು ಹಾಕಿ ಓಡಿಸುತ್ತಾರೆ, ಮೋಟಾರು ಸುಡುತ್ತದೆ, ಬೈಗುಳ ಮಾತ್ರ ಅಂಗಡಿಯವನಿಗೆ.

ಇಲ್ಲಿನ ಲೆಕ್ಕವೆಲ್ಲ ಒಬ್ಬರು ಕೂರುವ, ಸವಾರನೂ ಸೇರಿ 160 ಕೆ.ಜಿ. ತೂಗುವ ಕಾರ್ಟ್‌ಗೆ. ಮೋಟಾರು 48 ವೋಲ್ಟ್, 1500 ವ್ಯಾಟ್‌ನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರು), ಒಳಗಿನ ರೋಟರ್ ಎಲ್ಲಿದೆಯೆಂದು ಹೇಳುವ ಹಾಲ್ ಸೆನ್ಸರ್ ಇರುವಂಥದ್ದು, ಲೋಡ್ ಬಿದ್ದಾಗ ಸುಮಾರು 3000 ಆರ್‌ಪಿಎಂ. ಹಿಂದಿನ ಟಯರಿನ ವ್ಯಾಸ 11 ಇಂಚು ಎಂದಿಟ್ಟುಕೊಳ್ಳಿ; ಒಂದು ಸುತ್ತಿಗೆ 0.88 ಮೀಟರ್ ಸಾಗುತ್ತದೆ. ಗಂಟೆಗೆ 40 ಕಿ.ಮೀ. ಬೇಕಾದರೆ ಆಕ್ಸಲ್ ನಿಮಿಷಕ್ಕೆ 750 ಸುತ್ತು ತಿರುಗಬೇಕು. ಅಂದರೆ ಅನುಪಾತ 4: ಮೋಟಾರಿಗೆ 11 ಹಲ್ಲು, ಆಕ್ಸಲ್‌ಗೆ 44. ನೂರು ಸಿಸಿ ಬೈಕುಗಳ 428 ಚೈನಿನ ಹಿಂದಿನ ಸ್ಪ್ರಾಕೆಟ್ ಇದೇ ಆಸುಪಾಸಿನದು, ಯಾವ ಊರಲ್ಲಾದರೂ ಸಿಗುತ್ತದೆ. ಮುಂದಿನ 11 ಹಲ್ಲಿನದನ್ನು ಮಾತ್ರ ಮೋಟಾರಿನ ಶಾಫ್ಟ್‌ಗೆ ತಕ್ಕಂತೆ ಲೇತ್‌ನಲ್ಲಿ ಮಾಡಿಸಬೇಕಾದೀತು.

ಈಗ ಬಲ ನೋಡೋಣ. ಈ ಮೋಟಾರಿನ ರೇಟೆಡ್ ಟಾರ್ಕ್, ಅಂದರೆ ಸತತವಾಗಿ ಕೊಡಬಲ್ಲ ತಿರುಗುಬಲ, 4.8 ನ್ಯೂಟನ್-ಮೀಟರ್. ನಾಲ್ಕರಿಂದ ಗುಣಿಸಿದರೆ ಆಕ್ಸಲ್‌ನಲ್ಲಿ 19. ಅದನ್ನು ಚಕ್ರದ ತ್ರಿಜ್ಯ 0.14ರಿಂದ ಭಾಗಿಸಿದರೆ ನೆಲದ ಮೇಲೆ ಸುಮಾರು 136 ನ್ಯೂಟನ್ ತಳ್ಳು. 40ರ ವೇಗದಲ್ಲಿ ಟಯರು ಮತ್ತು ಗಾಳಿ ಸೇರಿ ಎಳೆಯುವುದು 75ರಷ್ಟು. ಉಳಿದದ್ದು ಏರಿಗೆ, ಪಿಕಪ್‌ಗೆ. ಆಸೆಬಿದ್ದು ಆಕ್ಸಲ್‌ಗೆ 22 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಕಾಗದದ ಮೇಲೆ 80 ಕಿ.ಮೀ. ಆದರೆ ತಳ್ಳು 68ಕ್ಕೆ ಇಳಿಯಿತು, ಹಳೆಯ 40ರಲ್ಲಿ ಓಡುವುದಕ್ಕೇ ಸಾಲದು. ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಆ ಕೊರತೆಯನ್ನು ಕರೆಂಟ್‌ನಲ್ಲಿ ತುಂಬುತ್ತದೆ. ಕರೆಂಟ್ ಎರಡು ಪಟ್ಟಾದರೆ ವೈಂಡಿಂಗ್‌ನ ಬಿಸಿ ನಾಲ್ಕು ಪಟ್ಟು. ಮೋಟಾರು ಸಾಯುವುದು ವೇಗದಿಂದಲ್ಲ, ನಿಧಾನವಾಗಿ ಏದುಸಿರು ಬಿಡುವಾಗ.

ಡ್ರೋನ್, ಸ್ಕೇಟ್‌ಬೋರ್ಡ್‌ಗೆ ಬಳಸುವ 6374 ಅಳತೆಯ ಔಟ್‌ರನ್ನರ್‌ಗಳ (ಹೊರಕವಚವೇ ತಿರುಗುವ ಮೋಟಾರುಗಳ) ಆಕರ್ಷಣೆಗೂ ಇದೇ ಉತ್ತರ. ಕೆವಿ ಎಂದರೆ ಇಲ್ಲಿ ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟ್‌ಗೆ ಎಷ್ಟು ಆರ್‌ಪಿಎಂ ಎಂಬ ಲೆಕ್ಕ; 190 ಕೆವಿಯದು 48 ವೋಲ್ಟ್‌ನಲ್ಲಿ ಲೋಡ್ ಇಲ್ಲದೆ 9000 ಆರ್‌ಪಿಎಂ ದಾಟುತ್ತದೆ. 9.55ನ್ನು ಕೆವಿಯಿಂದ ಭಾಗಿಸಿದರೆ ಆಂಪ್‌ಗೆ ಸಿಗುವ ಟಾರ್ಕ್ ಬರುತ್ತದೆ. ಇಲ್ಲಿ ಅದು ಬರೀ 0.05. ಹತ್ತಕ್ಕೆ ಒಂದರ ಇಳಿಕೆ ಬೇಕು, ಅಂದರೆ ಎರಡು ಹಂತದ ಚೈನು. ಸೆನ್ಸರ್ ಇಲ್ಲದ್ದಾದರೆ ನಿಂತಲ್ಲಿಂದ ಹೊರಡುವಾಗ ತಡವರಿಸುತ್ತದೆ. ಮೊದಲ ಕಾರ್ಟ್‌ಗೆ ಬೇಡ.

ಚಾಸಿಯದು ಹೆಚ್ಚು ರಗಳೆಯಿಲ್ಲ. 32 ಮಿ.ಮೀ. ಹೊರವ್ಯಾಸ, 2 ಮಿ.ಮೀ. ದಪ್ಪದ ಇಆರ್‌ಡಬ್ಲ್ಯು (ಉದ್ದಕ್ಕೂ ಬೆಸೆದ) ಮೈಲ್ಡ್ ಸ್ಟೀಲ್ ಪೈಪು, ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) 1050 ಮಿ.ಮೀ. ಹಿಂದೆ 30 ಮಿ.ಮೀ. ಇಎನ್8 ಉಕ್ಕಿನ ಶಾಫ್ಟ್, ಯುಸಿಪಿ-206 ಬೇರಿಂಗ್ ಎರಡು, 8 ಮಿ.ಮೀ. ಅಗಲದ ಕೀ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲದ್ದರಿಂದ ತಿರುವಿನಲ್ಲಿ ಒಳಗಿನ ಹಿಂಚಕ್ರ ತುಸು ಹಗುರಾಗಬೇಕು. ಆ ಕೆಲಸ ಮಾಡುವುದು ಮುಂದಿನ ಕಿಂಗ್‌ಪಿನ್‌ಗೆ (ಮುಂಚಕ್ರ ತಿರುಗುವ ಕೀಲಿನ ಪಿನ್ನಿಗೆ) ಕೊಟ್ಟ 10–12 ಡಿಗ್ರಿ ಕ್ಯಾಸ್ಟರ್, ಅಂದರೆ ಹಿಂದಕ್ಕೆ ವಾಲಿಸಿದ ಕೋನ. ಅದನ್ನು ನೆಟ್ಟಗೆ ನಿಲ್ಲಿಸಿದರೆ ಕಾರ್ಟ್ ಮೂತಿ ತಿರುಗಿಸದೆ ನೇರ ಜಾರುತ್ತದೆ. ಮೋಟಾರಿನ ಪ್ಲೇಟಿಗೆ ಉದ್ದ ಸೀಳು ಕೊರೆಸಿ, ಚೈನು ಬಿಗಿಮಾಡಲು ಬೇಕು. ಎರಡೂ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿರಲಿ, ತಪ್ಪು 1 ಮಿ.ಮೀ. ಮೀರಬಾರದು. ಚೈನಿನ ನಡುವಿನಲ್ಲಿ 10–15 ಮಿ.ಮೀ. ಸಡಿಲ ಸಾಕು.

ಬ್ರೇಕು ಡಿಸ್ಕ್ ಆಗಿರಲಿ, ಬೈಕಿನ ಹೈಡ್ರಾಲಿಕ್ ಕ್ಯಾಲಿಪರ್‌ನೊಂದಿಗೆ ಆಕ್ಸಲ್ ಮೇಲೆ. ರೀಜೆನ್ (ಮೋಟಾರೇ ಬ್ರೇಕಾಗಿ ಬ್ಯಾಟರಿ ತುಂಬುವುದು) ಇದೆ ಎಂದು ಇದನ್ನು ಬಿಡಬೇಡಿ: ಪೂರ್ತಿ ಚಾರ್ಜ್ ಆದ ಬ್ಯಾಟರಿಗೆ ಕರೆಂಟ್ ವಾಪಸ್ ಬಂದರೆ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬೋರ್ಡ್) ಬಾಗಿಲು ಹಾಕಬಹುದು. ಆ ಕ್ಷಣ ರೀಜೆನ್ನೂ ಇಲ್ಲ, ಕಂಟ್ರೋಲರ್‌ಗೆ ವೋಲ್ಟೇಜ್ ಏಟು ಬೇರೆ.

ಬ್ಯಾಟರಿಗೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಒಳ್ಳೆಯದು. 32700 ಅಳತೆಯ 6 ಆಂಪ್-ಅವರ್ ಸೆಲ್‌ಗಳನ್ನು 16 ಸೀರೀಸ್, 5 ಪ್ಯಾರಲಲ್ ಜೋಡಿಸಿದರೆ 80 ಸೆಲ್, 51.2 ವೋಲ್ಟ್, 30 ಆಂಪ್-ಅವರ್. ಚಾರ್ಜರ್ 58.4 ವೋಲ್ಟ್‌ನದು. ಕಂಟ್ರೋಲರ್‌ನ ಬ್ಯಾಟರಿ ಮಿತಿ 40 ಆಂಪ್ ಇಟ್ಟು, ಬಿಎಂಎಸ್ 60 ಆಂಪ್‌ನದು ಹಾಕಿ. ನಿಂತು ಹೊರಟು ಓಡಿಸಿದರೆ ಅರ್ಧದಿಂದ ಮುಕ್ಕಾಲು ಗಂಟೆ ಬರುತ್ತದೆ. ಸೆಲ್‌ಗೆ ನೇರ ಸೋಲ್ಡರಿಂಗ್ ಕಡ್ಡಿ ಹಿಡಿಯಬೇಡಿ, ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಿ. ಆ ಯಂತ್ರ ಇಲ್ಲದವರು ಸಿದ್ಧ ಪ್ಯಾಕ್ ಕೊಳ್ಳುವುದೇ ವಾಸಿ.

ಮುಖ್ಯ ವೈರು 10 ಚದರ ಮಿ.ಮೀ. ತಾಮ್ರ. ಫ್ಯೂಸ್ 60 ಆಂಪ್, ಬ್ಯಾಟರಿಯ ಪ್ಲಸ್‌ಗೆ ಅಂಟಿಕೊಂಡಂತೆಯೇ. ಕಾರಿನ ಸಾಮಾನ್ಯ ಬ್ಲೇಡ್ ಫ್ಯೂಸ್ 32 ವೋಲ್ಟ್‌ನದು. 58ರಲ್ಲಿ ಅದು ಕರಗಿದರೂ ಕಿಡಿ ಆರದೇ ಇರಬಹುದು. ಮನೆಯ ಎಸಿ ಎಂಸಿಬಿಗೂ ಇದೇ ದೋಷ. 80 ವೋಲ್ಟ್ ಡಿಸಿ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆ ಇದ್ದೇ ಇದೆ. ಫ್ಯೂಸ್ ಆದ ಮೇಲೆ ಕಾಂಟ್ಯಾಕ್ಟರ್ (ದೊಡ್ಡ ಕರೆಂಟ್ ತಡೆಯುವ ರಿಲೇ), ಅದರ ಕಾಯಿಲ್ ದಾರಿಯಲ್ಲಿ ತುರ್ತಾಗಿ ನಿಲ್ಲಿಸುವ ಕೆಂಪು ಅಣಬೆ ಸ್ವಿಚ್. ಕಾಂಟ್ಯಾಕ್ಟರ್‌ನ ಎರಡು ತುದಿಗೆ 100 ಓಮ್, 10 ವ್ಯಾಟ್ ರೆಸಿಸ್ಟರನ್ನು ಪುಷ್ ಬಟನ್ ಮೂಲಕ ಜೋಡಿಸಿ. ಪ್ರತಿ ಸಲ ಕಾಂಟ್ಯಾಕ್ಟರ್ ಆನ್ ಮಾಡುವ ಮುನ್ನ ಎರಡು ಸೆಕೆಂಡ್ ಒತ್ತಿದರೆ ಕಂಟ್ರೋಲರ್‌ನ ಕೆಪಾಸಿಟರ್ ಮೆಲ್ಲಗೆ ತುಂಬಿಕೊಳ್ಳುತ್ತದೆ. ಇದನ್ನು ಬಿಟ್ಟರೆ ಪ್ರತಿ ಸಲ ಚಟಾರ್ ಎಂದು ಕಿಡಿ ಹಾರಿ, ಕೊನೆಗೊಂದು ದಿನ ಕಾಂಟ್ಯಾಕ್ಟ್ ಬೆಸೆದುಕೊಂಡು ಕೆಂಪು ಗುಂಡಿ ಒತ್ತಿದರೂ ಬಿಡುವುದಿಲ್ಲ.

ಥ್ರಾಟಲ್ ಪೆಡಲಿಗೆ ಮೂರು ವೈರು: ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಸಿರು ಸಿಗ್ನಲ್. ಕಾಲು ತೆಗೆದಾಗ ಸಿಗ್ನಲ್ 0.8 ವೋಲ್ಟ್ ಆಸುಪಾಸು, ಪೂರ್ತಿ ಒತ್ತಿದಾಗ 4ರ ಹತ್ತಿರ. ಕಪ್ಪು ವೈರು ಕಿತ್ತುಹೋದರೆ ಸಿಗ್ನಲ್ 5ರ ಕಡೆ ಏರುತ್ತದೆ, ಕಂಟ್ರೋಲರ್ ಅದನ್ನು ಪೂರ್ತಿ ಥ್ರಾಟಲ್ ಎಂದು ನಂಬಬಹುದು. ಚಕ್ರ ಎತ್ತಿಟ್ಟು, ಕಪ್ಪು ವೈರು ಬೇಕೆಂದೇ ಬಿಚ್ಚಿ ನೋಡಿ. ಮೋಟಾರು ಓಡಿತೋ, ಆ ಕಂಟ್ರೋಲರ್ ವಾಪಸ್ ಕೊಡಿ. ಬ್ರೇಕ್ ಪೆಡಲಿಗೆ ಕಟ್-ಆಫ್ ಸ್ವಿಚ್ ಇರಲೇಬೇಕು.

ಮೋಟಾರಿನಿಂದ ಕಂಟ್ರೋಲರ್‌ಗೆ ಹೋಗುವ ಫೇಸ್ ವೈರು (ಕರೆಂಟ್ ಒಯ್ಯುವ ದಪ್ಪನೆಯವು) ಮೂರು, ಹಾಲ್ ಸಿಗ್ನಲ್ ವೈರು ಮೂರು, ಬಣ್ಣಗಳನ್ನು ನಂಬಬೇಡಿ. ಕ್ರಮ ಹೀಗೆ:

1. ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲಿಡಿ, ಚೈನು ಬಿಚ್ಚಿ, ಬ್ಯಾಟರಿ ಕರೆಂಟ್ ನೋಡಲು ಮೀಟರು ಹಾಕಿ.
2. ಹಾಲ್ ವೈರು ಮುಟ್ಟದೆ, ಫೇಸ್ ವೈರುಗಳ ಆರು ಜೋಡಣೆಗಳನ್ನು ಒಂದೊಂದಾಗಿ ನೋಡಿ. ಪ್ರತಿ ಸಲ ಪವರ್ ಆಫ್ ಮಾಡಿ ವೈರು ಬದಲಿಸಿ, ಮತ್ತೆ ಆನ್ ಮಾಡಿ ಥ್ರಾಟಲ್ ಚೂರೇ ಕೊಡಿ.
3. ಸರಿಯಾದದ್ದು ಒಂದೇ: ಸದ್ದಿಲ್ಲದೆ, ತೀರ ಕಡಿಮೆ ಆಂಪ್‌ನಲ್ಲಿ ತಿರುಗುತ್ತದೆ.
4. ದಿಕ್ಕು ಉಲ್ಟಾ ಬಂದರೆ ಎರಡು ಹಾಲ್ ಸಿಗ್ನಲ್ ವೈರು ಅದಲು-ಬದಲು ಮಾಡಿ, ಆರನ್ನೂ ಮತ್ತೆ ಪರೀಕ್ಷಿಸಿ.

ಮೋಸಹೋಗುವುದು ಇಲ್ಲೇ. ಒಂದೆರಡು ತಪ್ಪು ಜೋಡಣೆಯಲ್ಲೂ ಮೋಟಾರು ತಿರುಗುತ್ತದೆ, ಆದರೆ ಗುರ್‌ಗುಟ್ಟುತ್ತಾ ಹಲವು ಪಟ್ಟು ಕರೆಂಟ್ ಕುಡಿಯುತ್ತದೆ. ತಿರುಗಿತಲ್ಲ ಎಂದು ಹಾಗೇ ಓಡಿಸಿದರೆ ಕಂಟ್ರೋಲರ್ ಒಳಗಿನ ಮಾಸ್ಫೆಟ್ (ಕರೆಂಟ್ ಸ್ವಿಚ್ ಮಾಡುವ ಬಿಡಿಭಾಗ) ಸುಡುತ್ತದೆ.

ಹಿಂದಿನ ಚಕ್ರಕ್ಕೊಂದರಂತೆ ಎರಡು ಮೋಟಾರು ಹಾಕುವವರು ಕಂಟ್ರೋಲರ್ ಟಾರ್ಕ್ ಮೋಡ್‌ನದೇ ಎಂದು ಖಚಿತಪಡಿಸಿಕೊಳ್ಳಿ. ವೆಸ್ಕ್ ಎಂಬ ಓಪನ್ ಸೋರ್ಸ್ ಕಂಟ್ರೋಲರ್‌ನಲ್ಲಿ ಕರೆಂಟ್ ಕಂಟ್ರೋಲ್ ಆರಿಸಿದರೆ ಎರಡೂ ಒಂದೇ ಬಲದಿಂದ ತಳ್ಳುತ್ತವೆ, ವೇಗ ತಿರುವಿನಲ್ಲಿ ತಾನೇ ಹೊಂದಿಕೊಳ್ಳುತ್ತದೆ. ಹಲವು ಅಗ್ಗದ ಕಂಟ್ರೋಲರ್‌ಗಳಲ್ಲಿ ಥ್ರಾಟಲ್ ಹೇಳುವುದು ವೇಗವನ್ನು. ಎರಡು ಚಕ್ರವೂ ಸಮ ವೇಗಕ್ಕೆ ಹಟ ಹಿಡಿದು ಕಾರ್ಟ್ ತಿರುಗಲೊಲ್ಲದು.

ಮೊದಲ ಓಟ ಗೇಟು ಹಾಕಿದ ಅಂಗಳದಲ್ಲೋ ಖಾಲಿ ಕಣದಲ್ಲೋ ಇರಲಿ. ನೋಂದಣಿಯಿಲ್ಲದ ವಾಹನ ರಸ್ತೆಗಿಳಿಸುವಂತಿಲ್ಲ. ಹೆಲ್ಮೆಟ್ ಹಾಕಿ, ಚೈನಿಗೆ ಗಾರ್ಡ್ ಇರಲಿ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಬೋಲ್ಟ್‌ಗಳನ್ನೆಲ್ಲ ಮತ್ತೆ ಬಿಗಿ ಮಾಡಿ, ಮೋಟಾರಿನ ಮೈಗೆ ಥರ್ಮಾಮೀಟರ್ ಹಿಡಿಯಿರಿ. 60 ಡಿಗ್ರಿ ದಾಟಿದ್ದರೆ ಒಳಗೆ ಇನ್ನೂ ಹೆಚ್ಚಿರುತ್ತದೆ. 44ರ ಬದಲು 48 ಹಲ್ಲಿನ ಸ್ಪ್ರಾಕೆಟ್ ಹುಡುಕಿ.