ಚಿಟ್ಟೆ ಬಿಟ್ಟುಹೋದ ಗೂಡಿನ ಹಾರ

ನಮ್ಮ ಮನೆಯಲ್ಲಿ ರೇಷ್ಮೆ ಗೂಡು ಅಂದರೆ ದುಡ್ಡು. ಹುಳು ನಾಲ್ಕನೇ ಸಲ ಪೊರೆ ಬಿಡುವ ಜ್ವರ ಕಳೆದು, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಸಾಗಿಸಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡಿನ ತುದಿ ನೆನೆಸಿ ತೂತು ಮಾಡಿಕೊಂಡು ಹೊರಗೆ ಬಂದುಬಿಡುತ್ತದೆ. ಸಾವಿರ ಮೀಟರಿನಷ್ಟು ಉದ್ದ ಬರಬೇಕಾದ ಒಂದೇ ಎಳೆ ಆಗ ತುಂಡು ತುಂಡು, ನೂಲು ತೆಗೆಯುವ ರೀಲರುಗಳು ಅದನ್ನು ಮುಟ್ಟುವುದಿಲ್ಲ. ಮೇಲೂರು ಕಡೆಯ ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ಅಷ್ಟು ವರ್ಷವೂ ಗೂಡಿನ ತೂಕ, ಗೂಡಿನ ರೇಟು ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಎರಡು ವರ್ಷದ ಹಿಂದೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಒಂದು ಮಾರು ಸೇವಂತಿಗೆಗೆ 150 ರೂಪಾಯಿ ಹೇಳಿದರು. ಸುಗಂಧರಾಜದ ಹಾರ ಕೇಳುವ ಹಾಗೇ ಇರಲಿಲ್ಲ. ವಾಪಸ್ಸು ಬಂದು ಹುಳುಮನೆ ಗುಡಿಸುವಾಗ ಮೂಲೆಯ ಚೀಲ ಕಣ್ಣಿಗೆ ಬಿತ್ತು. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಕಲೆ ಗೂಡು, ತೆಳು ಗೂಡು, ಎಲ್ಲ ಆರಿಸಿ ಪಕ್ಕಕ್ಕೆ ಹಾಕಿದ್ದವು. ಬೆಳ್ಳಗಿರುವ ಒಂದಷ್ಟನ್ನು ತೆಗೆದು, ದಬ್ಬಳದಲ್ಲಿ ಚುಚ್ಚಿ, ಅಲ್ಲೇ ಕೂತು ದಾರಕ್ಕೆ ಪೋಣಿಸಿದೆ. ನೋಡೋಕೆ ಚೆನ್ನಾಗಿಯೇ ಇತ್ತು.

ಅತ್ತೆ ಅದನ್ನು ಕೈಗೆ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಗಡಗಡ ಅಂತು. "ಒಳಗೆ ಹುಳ ಸತ್ತಿದೆಯಲ್ಲಮ್ಮಾ, ಇದನ್ನ ಅಮ್ಮನವರಿಗೆ ಹಾಕ್ತೀಯಾ?" ಅಂದರು. ಪೂಜೆಗೆ ಉಡುವ ರೇಷ್ಮೆ ಸೀರೆಯ ಮಾತು ಬಾಯಿಗೆ ಬಂತು, ಆಡಲಿಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಮೂರೇ ದಿನಕ್ಕೆ ಆ ಹಾರ ನಾರೋಕೆ ಶುರುವಾಯಿತು, ವಾರ ಕಳೆಯುವಷ್ಟರಲ್ಲಿ ಕಪ್ಪು ಜೀರುಂಡೆ ಹತ್ತಿ ಗೂಡುಗಳೆಲ್ಲ ತೂತು. ಸತ್ತ ಹುಳು ಒಳಗಿದ್ದರೆ ಆ ಜೀರುಂಡೆ ಬಂದೇ ಬರುತ್ತದೆ. ಗೂಡಿನಲ್ಲಿ ಏನಾದರೂ ಮಾಡಬೇಕು ಅಂದುಕೊಂಡಿರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದೇ. ಖಾಲಿ ಗೂಡೇ ಆಗಬೇಕು.

ಖಾಲಿ ಗೂಡು ಎಲ್ಲಿ ಸಿಗುತ್ತದೆ? ಮೊಟ್ಟೆ ತಯಾರು ಮಾಡುವ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ಹೊರಗೆ ಬರಲೇಬೇಕು, ಅಲ್ಲಿ ತೂತು ಗೂಡು ರಾಶಿ ಬೀಳುತ್ತದೆ. ಪರಿಚಯದವರ ಕೈಲಿ ಕಾಲು ಕಿಲೋ ತರಿಸಿದೆ, 150 ರೂಪಾಯಿ ಕೊಟ್ಟೆ. ಎಣಿಸಿದರೆ ಏಳುನೂರರ ಹತ್ತಿರ! ಒಂದು ಮಾರು ಹೂವಿನ ದುಡ್ಡು ಅದು. ಮನೆಯಲ್ಲೇ ಬೇಕೆಂದರೆ ಆರಿಸಿ ತೆಗೆದ ಗೂಡನ್ನು ಮೊರದಲ್ಲಿ ಪೇಪರ್ ಹಾಸಿ ಹತ್ತು ಹನ್ನೆರಡು ದಿನ ಬಿಟ್ಟರೆ ಸಾಕು, ಚಿಟ್ಟೆ ತಾನೇ ಬರುತ್ತದೆ. ಅದು ಹಾರಿಹೋಗುವುದಿಲ್ಲ, ಏನೂ ತಿನ್ನುವುದೂ ಇಲ್ಲ, ಅಲ್ಲೇ ರೆಕ್ಕೆ ಬಡಿಯುತ್ತಾ ಕೆಲವು ದಿನ ಇರುತ್ತದೆ. ಹೊರಗೆ ಬಂದಾಗ ಕಂದು ನೀರು ಬಿಡುತ್ತದೆ, ಪಕ್ಕದ ಗೂಡಿಗೂ ಕಲೆ. ಅದಕ್ಕೆ ದೂರ ದೂರ ಹರಡಿ.

ಗೂಡು ಬಂದ ಮೇಲೆ ಒಂದೊಂದನ್ನೂ ತೂತು ಕೆಳಗೆ ಮಾಡಿ ತಟ್ಟುತ್ತೇನೆ, ಒಳಗಿನ ಕಂದು ಪೊರೆ ಉದುರುತ್ತದೆ. ಆಮೇಲೆ ಎರಡು ಬಿಸಿಲು ಒಣಗಿಸಿ, ಬೇವಿನ ಎಲೆ ಹಾಕಿ ಡಬ್ಬಿಗೆ ತುಂಬಿಡುತ್ತೇನೆ.

ಬಣ್ಣ ಹಾಕುವುದರಲ್ಲಿ ನಾನು ಕೆಡಿಸಿದ್ದೇ ಜಾಸ್ತಿ. ಮೊದಲ ಸಲ ಅರಿಶಿನದ ನೀರಿಗೆ ಚೂರು ಸೋಡಾ ಹಾಕಿ ಗೂಡನ್ನು ಕೊತಕೊತ ಕುದಿಸಿಬಿಟ್ಟೆ. ಗೂಡಿನ ಎಳೆಗಳನ್ನು ಹಿಡಿದಿಟ್ಟಿರುವುದು ಹುಳು ಬಿಟ್ಟ ಅಂಟು. ಕುದಿಯುವ ನೀರಿಗೆ ಅದು ಮೆತ್ತಗಾಗುತ್ತದೆ, ಸೋಡಾ ಸೇರಿದರೆ ಕರಗಿಯೇ ಹೋಗುತ್ತದೆ. ನೂರು ಗೂಡು ಒದ್ದೆ ಹತ್ತಿಯ ಮುದ್ದೆಯಾಯಿತು. ಸೀರೆಯ ನೂಲಿನ ಅಂಟು ತೆಗೆಯುವವರು ಬೇಕೆಂದೇ ಮಾಡುವ ಕೆಲಸವನ್ನು ನಾನು ತಿಳಿಯದೆ ಮಾಡಿದ್ದೆ.

ಈಗ ಮಾಡುವುದು ಹೀಗೆ. ನೀರು ಕೈಯಿಡಲಾಗದಷ್ಟು ಬಿಸಿ ಇರಬೇಕು, ಗುಳ್ಳೆ ಏಳಬಾರದು. ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿ ಕಾಲು ಚಮಚ, ಒಂದು ನಿಂಬೆಹಣ್ಣಿನ ರಸ. ರೇಷ್ಮೆ ಉಣ್ಣೆಯ ಜಾತಿಯದು, ಪ್ರೋಟೀನು. ಹುಳಿ ಸೇರಿದರೆ ಈ ಬಣ್ಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹತ್ತಿ ದಾರವನ್ನು ಅದೇ ನೀರಿಗೆ ಹಾಕಿ ನೋಡಿದೆ, ತೊಳೆದಾಗ ಬಣ್ಣ ಬಿಟ್ಟುಹೋಯಿತು. ಗೂಡು ತೇಲುತ್ತದೆ, ಅದರ ಮೇಲೆ ಒಂದು ತಟ್ಟೆ ಬೋರಲು ಹಾಕಿ ಮುಳುಗಿಸಬೇಕು. ಇಪ್ಪತ್ತು ನಿಮಿಷ ಬಿಟ್ಟು, ತಣ್ಣೀರಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿ. ಒದ್ದೆ ಗೂಡು ಅಮುಕಿಹೋಗಿದ್ದರೆ ಪೆನ್ಸಿಲ್ ತೂರಿಸಿ ಸರಿಮಾಡಿ. ಒಣಗಿದಾಗ ಅದೇ ಅಂಟು ಮತ್ತೆ ಬಿಗಿದುಕೊಂಡು ಗಟ್ಟಿಯಾಗುತ್ತದೆ.

ನನಗೆ ಇಷ್ಟದ್ದು ಈರುಳ್ಳಿ ಸಿಪ್ಪೆಯ ಬಣ್ಣ. ಎರಡು ಹಿಡಿ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಚಿಟಿಕೆ ಪಟಿಕ ಹಾಕಿ, ಆರಿಸಿ, ಆಮೇಲೆ ಗೂಡು. ಹಳೇ ಚಿನ್ನದ ಬಣ್ಣ ಬರುತ್ತದೆ, ಒಂದು ಪೈಸೆ ಖರ್ಚಿಲ್ಲ. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ದೇವರ ಮನೆಯ ಒಳಗಡೆಗೆ ಸರಿ. ಬೀಟ್‌ರೂಟ್ ಬೇಡ. ಮೊದಲ ದಿನ ಗುಲಾಬಿ ಇದ್ದದ್ದು ಆಮೇಲೆ ಮಣ್ಣು.

ಹಾರಕ್ಕೆ ಗೂಡನ್ನು ನಡುವಿಗೆ ಕತ್ತರಿಸಿದರೆ ಎರಡು ಬಟ್ಟಲು. ಉಗುರು ಕತ್ತರಿಸುವ ಸಣ್ಣ ಕತ್ತರಿ ಇದಕ್ಕೆ ಒಳ್ಳೆಯದು. ಬಟ್ಟಲಿನ ಅಂಚನ್ನು ಐದು ಎಸಳಾಗಿ ಸೀಳಿ, ಪ್ರತಿ ಎಸಳನ್ನೂ ಹೆಬ್ಬೆರಳಲ್ಲಿ ಹೊರಕ್ಕೆ ಬಗ್ಗಿಸುತ್ತೇನೆ. ಒಂದರೊಳಗೆ ಒಂದು ಬರುವ ಹಾಗೆ ಪೋಣಿಸಿದರೆ ಸುಗಂಧರಾಜದ ಹಾರದ ಹಾಗೇ ಕಾಣುತ್ತದೆ. ಚಿಟ್ಟೆ ಮಾಡಿದ ತೂತಿನಲ್ಲೇ ದಾರ ಹೋಗುತ್ತದೆ, ಕಲೆಯಾದ ತುದಿ ಹಿಂದಿನ ಹೂವಿನ ಒಳಗೆ ಅಡಗಿಕೊಳ್ಳುತ್ತದೆ. ತೂತು ದೊಡ್ಡದಿರುವ ಕಡೆ ಒಂದು ಸಣ್ಣ ಮಣಿ ಸೇರಿಸಬೇಕು, ಇಲ್ಲದಿದ್ದರೆ ಹೂವು ಜಾರುತ್ತದೆ. ಮತ್ತೊಂದು ಅರ್ಧಕ್ಕೆ ದಬ್ಬಳದಲ್ಲಿ ಚುಚ್ಚಿಕೊಳ್ಳಬೇಕು. ಒಂದೊಂದು ಹೂವಿಗೂ ಒಂದು ಸೆಂಟಿಮೀಟರ್ ಲೆಕ್ಕ, ನಾಲ್ಕಡಿ ಹಾರಕ್ಕೆ 120 ಹೂವು, ಅಂದರೆ 60 ಗೂಡು. ಅಷ್ಟೂ ಗೂಡಿಗೆ 13 ರೂಪಾಯಿ, ಮಣಿ, ದಾರ, ಬಣ್ಣ ಎಲ್ಲ ಸೇರಿ 60 ರೂಪಾಯಿ ದಾಟಲಿಲ್ಲ. ಕೆಲಸ ಮಾತ್ರ ನಾಲ್ಕು ಸಂಜೆಯದು. ಮಕ್ಕಳು ಹೋಂವರ್ಕ್ ಮಾಡುವಾಗ ಪಕ್ಕದಲ್ಲೇ ಕೂತು ಮಾಡಿದೆ.

ಉಳಿದ ಗೂಡಿನಲ್ಲಿ ಬಾಗಿಲಿಗೆ ತೋರಣ ಆಯಿತು, ಮಗಳ ಜಡೆಗೆ ಹೂವಾಯಿತು. ಜೋಡಿ ಗೂಡು ದಪ್ಪ, ಅದರಲ್ಲಿ ಗೊಂಬೆಯ ಹೊಟ್ಟೆ ಚೆನ್ನಾಗಿ ಬರುತ್ತದೆ. ಮಗ ಅದಕ್ಕೆ ಮೆಣಸಿನ ಕಾಳಿನ ಕಣ್ಣು ಅಂಟಿಸಿ ಮೊಲ ಮಾಡಿದ.

ಹೋದ ವರ್ಷದ ಹಬ್ಬಕ್ಕೆ ಹಾರ ಅತ್ತೆಯ ಕೈಗೇ ಕೊಟ್ಟೆ. ಮತ್ತೆ ಕಿವಿ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. "ಎಲ್ಲಾ ಎದ್ದೋಗವೆ" ಅಂದು ಕಳಶಕ್ಕೆ ತಾವೇ ಹಾಕಿದರು. ಹಬ್ಬ ಮುಗಿದ ಮೇಲೆ ಅದನ್ನು ಹಳೇ ಪಂಚೆಯಲ್ಲಿ ಸುತ್ತಿ, ಬೇವಿನ ಎಲೆ ಇಟ್ಟು ಅಟ್ಟದ ಮೇಲಿಟ್ಟಿದ್ದೆ. ಮೊನ್ನೆ ತೆಗೆದು ನೋಡಿದೆ. ಒಂದು ಎಸಳೂ ಕೆಟ್ಟಿಲ್ಲ, ಕಿತ್ತಳೆ ಬಣ್ಣ ಚೂರು ತಿಳಿಯಾಗಿದೆ ಅಷ್ಟೇ. ಈಗ ಗೌರಿ ಹಬ್ಬದ ಬಾಗಿನದ ಮೊರಗಳಿಗೆ ಹೂವು ಕತ್ತರಿಸುತ್ತಿದ್ದೇನೆ. ನಾದಿನಿಯರು ಮೂರು ಜನ, ನಮ್ಮ ತವರಿನಲ್ಲಿ ಇಬ್ಬರು. ಮೊರಕ್ಕೆ ಎಂಟು ಹೂವಿನ ಹಾಗೆ ನಲವತ್ತು ಆಗಬೇಕು, ಹದಿನೆಂಟು ಆಗಿವೆ.