ಸುಳ್ಳು ಫಾರ್ವರ್ಡ್ ಬಂದರೆ ಅಡ್ಮಿನ್ ಏನು ಮಾಡಬೇಕು, ಸರ್ಕಾರ ಏನು ಮಾಡಬೇಕು

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. 19 ವರ್ಷವಾಯಿತು. ಇದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸ ಅಂಟಿಕೊಂಡಿದೆ. ರೇಟ್ ಹೇಳುವ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್. 430 ಜನ ಇದ್ದಾರೆ. ರೈತರು, ಟೆಂಪೊದವರು, ಔಷಧಿ ಅಂಗಡಿಯವರು, ಒಂದು ಗಿಡವನ್ನೂ ಬೆಳೆಯದೆ ಸುಮ್ನೆ ಓದಿಕೊಂಡಿರುವವರು.

ಒಂದು ಭಾನುವಾರ ರಾತ್ರಿ ಗ್ರೂಪಿಗೆ ಒಂದು ವಿಡಿಯೊ ಬಂತು. ರಸ್ತೆ ಪಕ್ಕ ಟೊಮೆಟೊ ರಾಶಿ. ಟ್ರ್ಯಾಕ್ಟರಿನಿಂದ ಒಬ್ಬ ಇನ್ನೂ ಸುರಿಯುತ್ತಿದ್ದಾನೆ. ಕೆಳಗೆ ಬರಹ: ‘ಕೋಲಾರದಲ್ಲಿ ಇವತ್ತು ಬಾಕ್ಸ್ 30 ರೂಪಾಯಿ, ಕೇಳೋರಿಲ್ಲ.’ ನಾನು ಉಂಡು ಮಲಗಿಬಿಟ್ಟಿದ್ದೆ. ವೇಮಗಲ್ ಕಡೆಯ ನಮ್ಮ ಚಿಕ್ಕಪ್ಪ ಮಲಗಿರಲಿಲ್ಲ. ತೋಟದಲ್ಲಿ 80 ಬಾಕ್ಸ್ ಕಿತ್ತು ಜೋಡಿಸಿಟ್ಟಿದ್ದರು. ಬೆಳಗಿನ ಜಾವ ತೋಟದ ಹತ್ತಿರಕ್ಕೇ ಬಂದ ಒಬ್ಬ ವ್ಯಾಪಾರಿಗೆ ಬಾಕ್ಸಿಗೆ 100 ರೂಪಾಯಿಯಂತೆ ಕೊಟ್ಟು ಕೈತೊಳೆದುಕೊಂಡರು. ಅವತ್ತು ನಮ್ಮ ಮಂಡಿಯ ಹರಾಜಿನಲ್ಲಿ 15 ಕೆ.ಜಿ. ಬಾಕ್ಸ್ 210ಕ್ಕೆ ಹೋಯಿತು. ಬಾಡಿಗೆ, ಕಮಿಷನ್ ಎಲ್ಲಾ ಕಳೆದರೂ 7,000 ರೂಪಾಯಿ ಹತ್ತಿರ ಹೊಡೆತ.

‘ಇಂಥೋರನ್ನ ಸರ್ಕಾರ ಹಿಡಿದು ಒಳಗೆ ಹಾಕಬಾರದೇನಪ್ಪಾ?’ ಅಂದರು ಚಿಕ್ಕಪ್ಪ. ನಾನು ಬಾಯಿ ಬಿಡಲಿಲ್ಲ. ಗ್ರೂಪಿಗೆ ಹಾಕಿದವನು ಯಾರು ಅಂತ ನನಗೆ ಗೊತ್ತಿತ್ತು. ನನ್ನ ಬಾಮೈದ.

ಅಲ್ಲಿಂದ ಮುಂದೆ ಎಡವಿ ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಊರಿನ ಗ್ರೂಪೋ, ಹಾಲಿನ ಡೇರಿ ಗ್ರೂಪೋ, ಸ್ತ್ರೀಶಕ್ತಿ ಸಂಘದ ಗ್ರೂಪೋ, ಯಾವುದರ ಅಡ್ಮಿನ್ ಆಗಿದ್ದರೂ ಉಪಯೋಗಕ್ಕೆ ಬರುತ್ತದೆ.

ಮೊದಲು ಬಾಗಿಲು ಹಾಕಿ

ಅನುಮಾನದ ಮೆಸೇಜ್ ಬಂದ ತಕ್ಷಣ ಗ್ರೂಪ್ ಸೆಟ್ಟಿಂಗ್‌ಗೆ ಹೋಗಿ. ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು ಅನ್ನುವುದನ್ನು ಒತ್ತಿ. ಅರ್ಧ ಗಂಟೆ ಸಾಕು. ಇಲ್ಲದಿದ್ದರೆ ನೀವು ಹುಡುಕುವಷ್ಟರಲ್ಲಿ 40 ಜನ ‘ಅಯ್ಯೋ ದೇವರೇ’ ಅಂತ ಹಾಕಿರುತ್ತಾರೆ.

ಆಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರ ನಂಬರು, ದಿನ, ಸಮಯ ಕಾಣಬೇಕು. ವಿಡಿಯೊ ಇಳಿಸಿಕೊಳ್ಳಿ. ಅಳಿಸುವುದು ಇಷ್ಟೆಲ್ಲಾ ಆದ ಮೇಲೆ. ಅಡ್ಮಿನ್ ಆದವರು ಬೇರೆಯವರು ಹಾಕಿದ್ದನ್ನೂ ಎಲ್ಲರ ಫೋನಿನಿಂದ ಅಳಿಸಬಹುದು. ನಾನು ಮೊದಲ ಸಲ ಗಾಬರಿಯಲ್ಲಿ ಅಳಿಸಿಬಿಟ್ಟೆ. ಮರುದಿನ ದೂರು ಕೊಡೋಣ ಅಂದರೆ ಕೈಯಲ್ಲಿ ಏನೂ ಇಲ್ಲ.

ಅಂದ ಹಾಗೆ, ‘ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಅಡ್ಮಿನ್ ಜೈಲಿಗೆ’ ಅನ್ನುವುದೂ ಒಂದು ಫಾರ್ವರ್ಡೇ. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಕಣ್ಣಿಗೆ ಬಿದ್ದ ಮೇಲೂ ಸುಮ್ಮನಿರುವುದು ಬೇರೆ ಮಾತು.

ಬಾಣದ ಗುರುತು ನೋಡಿ

ಮೆಸೇಜಿನ ಮೇಲೆ ಒಂದು ಬಾಣ ಇದ್ದರೆ ಯಾರೋ ಕಳಿಸಿದ್ದನ್ನು ಇವರು ದಾಟಿಸಿದ್ದಾರೆ ಅಂತ ಅರ್ಥ. ಜೋಡಿ ಬಾಣ ಇದ್ದರೆ ಕನಿಷ್ಠ ಐದು ಕೈ ದಾಟಿ ಬಂದಿದೆ. ‘ನಮ್ಮ ಮಂಡಿ ಮುಂದೆ ನಾನೇ ತೆಗೆದ ವಿಡಿಯೊ’ ಅನ್ನುವವನ ಮೆಸೇಜಿನ ಮೇಲೆ ಜೋಡಿ ಬಾಣ ಇದ್ದರೆ ಮುಂದೆ ವಿಚಾರಣೆಯೇ ಬೇಡ.

ಈ ಬಾಣದ ಹಿಂದೆ ಜೀವಗಳು ಹೋಗಿವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಫಾರ್ವರ್ಡ್ ನಮ್ಮ ರಾಜ್ಯದಲ್ಲೆಲ್ಲಾ ಓಡಾಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಹಾಗೇ ಸತ್ತರು. ಕೇಂದ್ರ ಸರ್ಕಾರ ಕಂಪನಿಗೆ ನೋಟಿಸ್ ಕೊಟ್ಟಿತು. ಆ ಜುಲೈಯಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ದಾಟಿಸಬಹುದು ಅಂತ ಮಾಡಿತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಹೊತ್ತಿಗೆ, ಜೋಡಿ ಬಾಣದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಅಂತ ಬಿಗಿ ಮಾಡಿತು.

ಇದನ್ನು ಸ್ವಲ್ಪ ಯೋಚನೆ ಮಾಡಿ. ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. ಯಾವುದು ಸತ್ಯ ಅಂತ ಯಾರೂ ತೀರ್ಪು ಕೊಡಲಿಲ್ಲ. ಓಟಕ್ಕೆ ಬ್ರೇಕ್ ಹಾಕಿದರು, ಅಷ್ಟೇ. ಕಂಪನಿ ತಾನಾಗಿ ಹಾಕುತ್ತಿತ್ತಾ? ನನಗೆ ನಂಬಿಕೆ ಇಲ್ಲ. ನೋಟಿಸ್ ಬೇಕಾಯಿತು.

ನಂಬರ್ ಪ್ಲೇಟಿನಿಂದ ಶುರು ಮಾಡಿ

ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ನಾನು ಮೊದಲು ಹುಡುಕುವುದು ಗಾಡಿ. ಕೋಲಾರದ್ದಾದರೆ ಕೆಎ 07, ಕೆಜಿಎಫ್ ಆದರೆ ಕೆಎ 08, ಚಿಕ್ಕಬಳ್ಳಾಪುರ ಕೆಎ 40. ಆ ಭಾನುವಾರದ ವಿಡಿಯೊದಲ್ಲಿ ಟ್ರ್ಯಾಕ್ಟರಿನ ಹಿಂದೆ ಎಪಿ 03 ಅಂತಿತ್ತು. ಚಿತ್ತೂರು ಜಿಲ್ಲೆಯ ಹಳೇ ನೋಂದಣಿ. ಆ ಕಡೆ ಮದನಪಲ್ಲಿಯಲ್ಲೂ ದೊಡ್ಡ ಟೊಮೆಟೊ ಮಾರುಕಟ್ಟೆ ಇದೆ. ಮಾತು ಕೇಳಿ ಮೋಸ ಹೋಗಬೇಡಿ. ತೆಲುಗು ಮಾತಾಡುತ್ತಿದ್ದಾರೆ ಅಂದ ಮಾತ್ರಕ್ಕೆ ಆಂಧ್ರ ಅಂತಲ್ಲ. ನಮ್ಮ ಕಡೆ ಅರ್ಧ ಮನೆಗಳಲ್ಲಿ ತೆಲುಗೇ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಮೈಲಿಗಲ್ಲು ಇವನ್ನು ನಂಬಬಹುದು.

ಎರಡನೆಯದು ಗೂಗಲ್ ಲೆನ್ಸ್. ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದಕ್ಕೆ ಕೊಡಿ. ಒಂದೇ ಚಿತ್ರ ಕೊಟ್ಟು ಸುಮ್ಮನಾಗಬೇಡಿ. ಶುರುವಿನದ್ದು, ನಡುವಿನದ್ದು, ಕೊನೆಯದ್ದು ಅಂತ ಮೂರು ನಾಲ್ಕು ಕೊಡಿ. ನನಗೆ ಮೂರನೆಯದರಲ್ಲಿ ಸಿಕ್ಕಿತು. ಅದೇ ರಾಶಿ, ಅದೇ ಟ್ರ್ಯಾಕ್ಟರ್, ಎರಡು ವರ್ಷದ ಹಿಂದಿನದು.

ಮೂರನೆಯದು ರೇಟು. ರಾಜ್ಯದ ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಮಾರುಕಟ್ಟೆವಾರು ಧಾರಣೆ ಸಿಗುತ್ತದೆ. ಅಲ್ಲಿ ಇರುವುದು ಕ್ವಿಂಟಲ್ ಲೆಕ್ಕ. ಇಲ್ಲೇ ಜನ ಎಡವುವುದು. 1,400 ಅಂತ ಇದ್ದರೆ ಕೆ.ಜಿ.ಗೆ 14, ನಮ್ಮ 15 ಕೆ.ಜಿ. ಬಾಕ್ಸಿಗೆ 210. ಬಾಕ್ಸ್ 30 ರೂಪಾಯಿ ಆಗಬೇಕಾದರೆ ಕ್ವಿಂಟಲ್ 200ಕ್ಕೆ ಇಳಿದಿರಬೇಕು. ಹಾಗೆ ಇಳಿಯುವುದೇ ಇಲ್ಲ ಅಂತ ಅಲ್ಲ. 2023ರ ಜುಲೈಯಲ್ಲಿ ಇದೇ ಬಾಕ್ಸ್ 2,000 ದಾಟಿದ್ದನ್ನು ಬರೆದ ಕೈಯೇ ಇದು, ಸುರಿದು ಹೋದವರನ್ನೂ ನೋಡಿದ್ದೇನೆ. ಅದಕ್ಕೇ ಇಂಥ ಸುಳ್ಳನ್ನು ಜನ ಬೇಗ ನಂಬುತ್ತಾರೆ. ಹಿಂದೆ ಆಗಿದ್ದೇ ಅಲ್ವಾ ಅನ್ನಿಸುತ್ತದೆ.

ಇಷ್ಟೆಲ್ಲಾ ಬೇಡ ಅಂದರೆ ಆ ಜಾಗದಲ್ಲಿ ಇರುವ ಒಬ್ಬರಿಗೆ ಫೋನ್ ಮಾಡಿ. ಇದಕ್ಕಿಂತ ದೊಡ್ಡ ಉಪಾಯ ಯಾವ ಆ್ಯಪ್‌ನಲ್ಲೂ ಇಲ್ಲ.

ತಿದ್ದುವುದು ಹೇಗೆ

ಸರಿಯಾದದ್ದನ್ನು ಮೊದಲ ಸಾಲಿನಲ್ಲೇ ಹೇಳಿ. ‘ಇವತ್ತು ಕೋಲಾರದಲ್ಲಿ ಬಾಕ್ಸ್ 210ರವರೆಗೆ ಹೋಗಿದೆ. ರಾತ್ರಿ ಬಂದ ವಿಡಿಯೊ ಹಳೆಯದು, ನಮ್ಮ ಊರಿನದಲ್ಲ.’ ಸುಳ್ಳು ವಿಡಿಯೊವನ್ನು ಮತ್ತೆ ಹಾಕಿ ‘ಇದು ಸುಳ್ಳು’ ಅನ್ನಬೇಡಿ. ಜನ ವಿಡಿಯೊ ನೋಡುತ್ತಾರೆ, ಕೆಳಗಿನ ಬರಹ ಓದುವುದಿಲ್ಲ. ಬರಹದ ಜೊತೆ ಅರ್ಧ ನಿಮಿಷದ ವಾಯ್ಸ್ ಕೂಡ ಹಾಕಿ. ನಾನು ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು ಹಾಕುತ್ತೇನೆ.

ಹಾಕಿದವರಿಗೆ ಗ್ರೂಪಿನಲ್ಲಿ ಬೈಯಬೇಡಿ. ಇದು ಬಹಳ ಮುಖ್ಯ. ನಾನು ಬಾಮೈದನಿಗೆ 430 ಜನರ ಮುಂದೆ ‘ಬುದ್ಧಿ ಇದೆಯೇನೋ’ ಅಂದೆ. ಅವನು ಗ್ರೂಪ್ ಬಿಟ್ಟ. ಹಬ್ಬಕ್ಕೂ ಮನೆಗೆ ಬರಲಿಲ್ಲ. ಆರು ತಿಂಗಳು ನಮ್ಮ ಮನೆಯಲ್ಲಿ ನಾನು ಟೊಮೆಟೊ ಅಂದರೂ ಜಗಳ. ಅವನೇನು ಬೇಕಂತ ಮಾಡಿದವನಲ್ಲ. ಟೆಂಪೊ ಓಡಿಸುತ್ತಾನೆ, ರೇಟ್ ಬಿದ್ದರೆ ಬಾಡಿಗೆ ಬೀಳುತ್ತದೆ ಅನ್ನುವ ಭಯದಲ್ಲಿ ಹಾಕಿದ. ಪಕ್ಕಕ್ಕೆ ಕರೆದು, ಫೋನಿನಲ್ಲಿ ಹೇಳಿ.

ದೂರು ಕೊಡುವುದಾದರೆ

ಆನ್‌ಲೈನ್ ಮೋಸದಲ್ಲಿ ಹಣ ಹೋಗಿದ್ದರೆ ಬೇರೆ ಯೋಚನೆ ಬೇಡ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೊಡಿ ಬಡಿ ಅನ್ನುವ ಮೆಸೇಜ್ ಆದರೆ 112. ಕೇಂದ್ರದ ಯೋಜನೆ ಹೆಸರಿನ ಫಾರ್ವರ್ಡ್ ಆದರೆ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯಾದ ಪಿಐಬಿಯ ಫ್ಯಾಕ್ಟ್ ಚೆಕ್‌ಗೆ ಕಳಿಸಬಹುದು, 2019ರಿಂದ ಇದೆ.

ಅದೇ ವಿಡಿಯೊ ಎಲ್ಲರಿಗೂ ಕಾಣುವ ಪುಟದಲ್ಲಿ ಇದ್ದರೆ ಆ ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. 2021ರ ಐಟಿ ನಿಯಮದ ಪ್ರಕಾರ ಪ್ರತಿ ಜಾಲತಾಣವೂ ಅಂಥ ಅಧಿಕಾರಿಯ ಹೆಸರು, ವಿಳಾಸ ಹಾಕಿರಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಿಂದ ಅದು ಆನ್‌ಲೈನ್‌ನಲ್ಲೇ ನಡೆಯುತ್ತದೆ, ವಕೀಲರು ಬೇಡ.

ನಾನು ಬರೆದೆ. ಯಾವ ಜಾಲತಾಣ ಅಂತ ಬೇಡ. ‘ದೂರು ತಲುಪಿದೆ’ ಅಂತ 24 ಗಂಟೆಯೊಳಗೆ ಬಂತು. ಉತ್ತರ ಬಂದಿದ್ದು 13ನೇ ದಿನ. 2021ರಲ್ಲಿ ನಿಯಮ ಬಂದಾಗ ಅವರಿಗೆ ಕೊಟ್ಟಿದ್ದ ಗಡುವು 15 ದಿನ, ಹಾಗಾಗಿ ತಪ್ಪು ಅನ್ನುವ ಹಾಗೂ ಇಲ್ಲ. ಆದರೆ ಹಣ್ಣಾದ ಟೊಮೆಟೊ 13 ದಿನ ಕಾಯುತ್ತದಾ?

ಕಾನೂನು ಬೇಕು ಅಂತ ಸಹಿ ಹಾಕುವ ಮೊದಲು

ಚಿಕ್ಕಪ್ಪನ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. 2025ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಿತ್ತು. 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ, ಸಚಿವರೊಬ್ಬರ ನೇತೃತ್ವದ ಪ್ರಾಧಿಕಾರ. ನಮ್ಮ ಗ್ರೂಪಿನಲ್ಲೂ ‘ಬರಲಿ ಬರಲಿ’ ಅಂದರು. ನಾನು ಬಾಮೈದನನ್ನು ನೆನೆಸಿಕೊಂಡೆ. ಮೊದಲು ಸಿಕ್ಕಿಬೀಳುವವನು ಅವನೇ. ಹಳೇ ವಿಡಿಯೊಗೆ ‘ಕೋಲಾರ’ ಅಂತ ಬರೆದವನ ನಂಬರು ಯಾರಿಗೂ ಗೊತ್ತಿಲ್ಲ.

ಇಂಥ ಕರಡು ಬಂದಾಗ ನಾನು ಮೂರು ಜಾಗ ನೋಡುತ್ತೇನೆ. ಒಂದು, ‘ಸುಳ್ಳು’ ಅನ್ನುವುದಕ್ಕೆ ಏನು ಅರ್ಥ ಬರೆದಿದ್ದಾರೆ. ಐಟಿ ಕಾಯ್ದೆಯ 66ಎ ಕಲಮಿನಲ್ಲಿ ‘ಕಿರಿಕಿರಿ’, ‘ಅನನುಕೂಲ’ ಅನ್ನುವಂಥ ಮಾತುಗಳಿದ್ದವು. ಅದರಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದಿತ್ತು. ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಹೊಡೆದುಹಾಕಿತು. ಎರಡು, ತೀರ್ಪು ಯಾರದು. ತನ್ನ ವ್ಯವಹಾರದ ಬಗ್ಗೆ ಯಾವುದು ಸುಳ್ಳು ಅಂತ ತನ್ನದೇ ಘಟಕ ಗುರುತಿಸಲಿ ಅಂತ ಕೇಂದ್ರ 2023ರಲ್ಲಿ ನಿಯಮ ತಂದಿತ್ತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಮೂರು, ಶಿಕ್ಷೆ ಯಾರಿಗೆ. ದಾಟಿಸಿದವನಿಗಾ, ಹುಟ್ಟಿಸಿದವನಿಗಾ, ಓಡಿಸಿ ದುಡ್ಡು ಮಾಡಿದ ಕಂಪನಿಗಾ?

ಎರಡನೆಯದರ ಬಗ್ಗೆ ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಪಾಠ ಹೇಳಬೇಕಾಗಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು. ಜುಲೈಯಲ್ಲಿ ಕೆರೆಯಲ್ಲಿ ನೊರೆ ಎದ್ದಿತು. ನೊರೆಯ ವಿಡಿಯೊ ನಮ್ಮ ಎಲ್ಲಾ ಫೋನಿಗೂ ಬಂದಿತ್ತು. ‘ಸುಮ್ನೆ ಹಬ್ಬಿಸುತ್ತಿದ್ದಾರೆ’ ಅಂದವರೂ ಇದ್ದರು, ನಾನೂ ಒಬ್ಬ. ನರಸಾಪುರದ ಕಡೆಯ ಒಬ್ಬ ರೈತ ‘ಬಾರಣ್ಣ, ಬಂದು ನೋಡು’ ಅಂದ. ಹೋಗಿ ನೋಡಿದೆ. ನೊರೆ ಇತ್ತು. ಅದೇ ತಿಂಗಳು ಹೈಕೋರ್ಟ್ ನೀರು ಹರಿಸುವುದಕ್ಕೆ ತಡೆ ಕೊಟ್ಟಿತು. ಆಮೇಲೆ ನೀರು ಮತ್ತೆ ಬಂತು, ಬೋರ್‌ವೆಲ್‌ಗಳಿಗೆ ಜೀವ ಬಂತು ಅನ್ನುವ ರೈತರೂ ನಮ್ಮ ಮಂಡಿಗೇ ಬರುತ್ತಾರೆ. ಆ ಜಗಳ ಬೇರೆ. ನನ್ನ ಪ್ರಶ್ನೆ ಇಷ್ಟೇ: ಆ ವಿಡಿಯೊ ಸುಳ್ಳು ಅಂತ ಅವತ್ತೇ ಅಳಿಸುವ ಅಧಿಕಾರ ಯಾವುದಾದರೂ ಕಚೇರಿಗೆ ಇದ್ದಿದ್ದರೆ?

ಹಾಗಾದರೆ ಸರ್ಕಾರ ಕೈಕಟ್ಟಿ ಕೂರಬೇಕಾ? ಇಲ್ಲ. ನಮ್ಮ ಮಂಡಿಯನ್ನೇ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರದವರು ಬಂದು ಸೀಲ್ ಹಾಕುತ್ತಾರೆ. ಸೀಲ್ ಇಲ್ಲದಿದ್ದರೆ ದಂಡ. ಆದರೆ ರೇಟು ಕೂಗುವುದು ಅವರಲ್ಲ. ಜಾಲತಾಣಕ್ಕೂ ಹಾಗೇ ಆಗಲಿ. ಎಷ್ಟು ವೇಗದಲ್ಲಿ ಓಡಿಸುತ್ತೀರಿ, ದೂರಿಗೆ ಎಷ್ಟು ಹೊತ್ತಿನಲ್ಲಿ ಉತ್ತರ ಕೊಡುತ್ತೀರಿ, ದುಡ್ಡು ತೆಗೆದುಕೊಂಡು ಯಾವುದನ್ನು ಮೇಲೆ ತರುತ್ತೀರಿ, ಲೆಕ್ಕ ತೋರಿಸಿ ಅನ್ನಲಿ. ಯುರೋಪಿನ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. ತಪ್ಪಿದ ಕಂಪನಿಗೆ ಜಗತ್ತಿನಾದ್ಯಂತ ಅದು ಮಾಡುವ ವಹಿವಾಟಿನ ಶೇ 6ರವರೆಗೆ ದಂಡ. ಸಿಂಗಪುರದ 2019ರ ಕಾನೂನಿನಲ್ಲಿ ಯಾವುದು ಸುಳ್ಳು ಅಂತ ಮೊದಲು ಹೇಳುವವರು ಸಚಿವರು. ನನಗೆ ಸಿಂಗಪುರದ ದಾರಿ ಬೇಡ. ಚಿಕ್ಕಪ್ಪ ಮಾತ್ರ ಈಗಲೂ ಒಪ್ಪಿಲ್ಲ. ‘ನಿನ್ನ ತಕ್ಕಡಿ ಕಥೆ ಇರಲಿ, ನನ್ನ 7,000 ಯಾರು ಕೊಡ್ತಾರೆ?’ ಅನ್ನುತ್ತಾರೆ.

ಒಂದು ಹೇಳುವುದು ಮರೆತೆ. ಒಬ್ಬರೇ ಅಡ್ಮಿನ್ ಇರಬೇಡಿ. ಸುಳ್ಳು ಜಾಸ್ತಿ ಬರುವುದು ನಾವು ಮಲಗಿದ ಮೇಲೆ. ರಾತ್ರಿ ಎದ್ದಿರುವ, ಮಂಡಿ ದಾರಿಯಲ್ಲೇ ಇರುವ ಒಬ್ಬರನ್ನು ಎರಡನೇ ಅಡ್ಮಿನ್ ಮಾಡಿ. ನಾನು ಬಾಮೈದನನ್ನೇ ಮಾಡಿದ್ದೇನೆ. ಮೊನ್ನೆ ರಾತ್ರಿ ಒಂದೂವರೆಗೆ ಫೋನ್ ಮಾಡಿ ಎಬ್ಬಿಸಿದ. ‘ಭಾವ, ಒಂದು ಲಾರಿ ವಿಡಿಯೊ ಬಂದಿದೆ, ಪ್ಲೇಟ್ ಕಾಣ್ತಿಲ್ಲ. ಗ್ರೂಪ್ ಬಾಗಿಲು ಹಾಕಿದ್ದೀನಿ, ನೀನು ಮಲಕ್ಕೋ’ ಅಂದ. ಹಾಗಾದರೆ ಎಬ್ಬಿಸಿದ್ದು ಯಾಕೋ ಅಂದೆ.