ತಲೆಕೆಳಗು ಮಾಡುವ ಮುನ್ನ: ಋಣ ಘಾತಾಂಕದ ಸಮೀಕರಣಗಳು

ಒಂಬತ್ತನೇ ತರಗತಿಯಲ್ಲಿ ನಾನು ತಪ್ಪು ಮಾಡಿದ ಒಂದು ಲೆಕ್ಕ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ: ಕ್ಷ⁻¹ + 3⁻¹ = 2⁻¹. ಘಾತಾಂಕ ಋಣವಾಗಿದ್ದರೆ ಸಂಖ್ಯೆಯನ್ನು ತಲೆಕೆಳಗು ಮಾಡಬೇಕು ಎಂಬುದಷ್ಟೇ ನನಗೆ ಗೊತ್ತಿತ್ತು. ಎಲ್ಲ ಪದಗಳನ್ನೂ ಒಟ್ಟಿಗೇ ತಿರುಗಿಸಿ ಕ್ಷ + 3 = 2 ಎಂದು ಬರೆದೆ, ಉತ್ತರ −1 ಬಂತು. ತಾಳೆ ನೋಡಿದ್ದರೆ ಎಡಬದಿಯಲ್ಲಿ −2/3, ಬಲಬದಿಯಲ್ಲಿ 1/2 ಇರುವುದು ಕಾಣುತ್ತಿತ್ತು. ನೋಡಲಿಲ್ಲ.

ಈಗ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅದೇ ತಪ್ಪು ಮಕ್ಕಳ ನೋಟ್‌ಬುಕ್ಕುಗಳಲ್ಲಿ ವರ್ಷವೂ ಸಿಗುತ್ತದೆ. ಹಾಗಾಗಿ ಬೋರ್ಡಿನ ಮೇಲೆ ಮೊದಲು 8, 4, 2, 1 ಎಂದು ಬರೆಯುತ್ತೇನೆ. 2ರ ಘಾತಾಂಕ ಒಂದೊಂದೇ ಇಳಿದಂತೆ ಬೆಲೆ ಅರ್ಧವಾಗುತ್ತಿದೆ; 2⁰ ದಾಟಿದರೆ 1/2, ಆಮೇಲೆ 1/4, ಆಮೇಲೆ 1/8. ಇಷ್ಟು ಕಂಡ ಮಗು 2⁻³ ಎಂದರೆ −8 ಎಂದು ಮತ್ತೆ ಹೇಳುವುದು ಅಪರೂಪ. ಋಣ ಚಿಹ್ನೆ ಇಲ್ಲಿ ಭಾಗಾಕಾರವನ್ನು ಬರೆಯುವ ಬಗೆ. ನ್ಯೂಟನ್ ಕೂಡ 1676ರ ಪತ್ರವೊಂದರಲ್ಲಿ 1/ಅ ಎಂಬುದನ್ನು ಅ⁻¹ ಎಂದು ಬರೆಯುವುದಾಗಿ ವಿವರಿಸಿದ್ದರು.

ಹಳೆಯ ಲೆಕ್ಕವನ್ನು ಈಗ ಹೀಗೆ ಬಿಡಿಸುತ್ತೇನೆ. ಪ್ರತಿಯೊಂದು ಪದವನ್ನೂ ಅದಿದ್ದ ಜಾಗದಲ್ಲೇ ಭಿನ್ನರಾಶಿಯಾಗಿ ಬರೆದರೆ 1/ಕ್ಷ + 1/3 = 1/2. 1/3 ಅನ್ನು ಬಲಕ್ಕೆ ಕಳಿಸಿದರೆ 1/ಕ್ಷ = 1/2 − 1/3. ಲ.ಸಾ.ಅ. 6, ಆದ್ದರಿಂದ 3/6 − 2/6 = 1/6. ಎರಡೂ ಬದಿಯಲ್ಲಿ ಒಂದೊಂದೇ ಭಿನ್ನರಾಶಿ ಉಳಿದಿದೆ. ತಲೆಕೆಳಗು ಮಾಡುವ ಅನುಮತಿ ಈಗ ಸಿಕ್ಕಿತು: ಕ್ಷ = 6. ಕೂಡುವ ಚಿಹ್ನೆ ನಡುವೆ ಇರುವಾಗ ತಿರುಗಿಸಿದರೆ ಲೆಕ್ಕವೇ ಬದಲಾಗುತ್ತದೆ. 1/2 + 1/3 ಎಂದರೆ 5/6. ಅದರ ವ್ಯುತ್ಕ್ರಮ 6/5, 2 + 3 ಅಲ್ಲ.

ಗುಣಕದ ವಿಷಯದಲ್ಲೂ ಎಚ್ಚರ ಬೇಕು. 5ಕ್ಷ⁻¹ ಎಂದರೆ 5/ಕ್ಷ. ಘಾತಾಂಕ ಕ್ಷಗೆ ಮಾತ್ರ ಸೇರಿದ್ದು, 5 ಮೇಲೆಯೇ ಇರುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಕ್ಷ⁻² − 5ಕ್ಷ⁻¹ + 6 = 0. ಕ್ಷ⁻¹ ಅನ್ನು ಯ ಎಂದು ಕರೆದೊಡನೆ ಅದು ಪರಿಚಿತ ವರ್ಗಸಮೀಕರಣ: (ಯ − 2)(ಯ − 3) = 0. ಯ = 2 ಅಥವಾ 3 ಎಂದು ಬರೆದು ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಕೇಳಿದ್ದು ಕ್ಷ, ಅದು 1/2 ಅಥವಾ 1/3. ತಾಳೆ ನೋಡುವುದನ್ನು ನಾನು ಈಗ ಬಿಡುವುದಿಲ್ಲ: 1/2ಕ್ಕೆ 4 − 10 + 6, 1/3ಕ್ಕೆ 9 − 15 + 6. ಎರಡೂ ಶೂನ್ಯ.